ಹೊಳಲೂರಿಗೆ ದಾರಿ ಗೊತ್ತಿದ್ದ ಮಲ್ಲೇಶ್

ಮಲ್ಲೇಶನ ಬಾಯಿಗೆ ಬಾರದ ಕನ್ನಡದ ಮಾತು ಒಂದೇ ಒಂದು. ‘ಗೊತ್ತಿಲ್ಲ’ ಎಂಬುದು. ನಲವತ್ತೆರಡು ವರ್ಷದ ಬಾಳಿನಲ್ಲಿ ಅವನು ಅದನ್ನು ಆಡಿದ್ದನ್ನು ಕೇಳಿದವರಿಲ್ಲ. ಶಾಲೆಯಲ್ಲಿ ಮೇಷ್ಟ್ರ ಪ್ರಶ್ನೆಗೆ ಉತ್ತರ ತಿಳಿಯದಿದ್ದರೆ, ಬೇರೆ ಯಾವುದೋ ಪ್ರಶ್ನೆಗೆ ಸರಿಹೊಂದುವ ಉತ್ತರವನ್ನು ಧೈರ್ಯವಾಗಿ ಹೇಳಿ ಕೂತುಬಿಡುತ್ತಿದ್ದ.

ಇದನ್ನು ಸುಳ್ಳು ಎಂದರೆ ತಪ್ಪಾದೀತು. ನಮ್ಮ ಕಡೆ ಬಾಗಿಲಿಗೆ ಬಂದವರನ್ನು ಬೆಲ್ಲ ನೀರು ಕೊಡದೆ ಕಳಿಸುವುದಿಲ್ಲ. ಹಾಗೆಯೇ ಏನಾದರೂ ಕೇಳಿಕೊಂಡು ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು ಎಂಬುದು ಅವನ ನಂಬಿಕೆ. ಸರಿಯಾದದ್ದು ಇದ್ದರೆ ಸರಿಯಾದದ್ದು, ಇಲ್ಲದಿದ್ದರೆ ಇದ್ದದ್ದು. ನಮ್ಮಲ್ಲಿ ಮುಕ್ಕಾಲು ಪಾಲು ಜನ ಇದೇ ಪಂಥದವರು. ಮಲ್ಲೇಶ್ ಸ್ವಲ್ಪ ಹೆಚ್ಚು ನಿಷ್ಠೆಯಿಂದ ಪಾಲಿಸುತ್ತಿದ್ದ, ಅಷ್ಟೆ.

ಅವನ ಹೆಂಡತಿ ಸುಮನಾ ಮದುವೆಯಾದ ಹೊಸದರಲ್ಲಿ ಮೋಸಹೋದಳು. ಆಮೇಲೆ ಒಂದು ಉಪಾಯ ಕಂಡುಕೊಂಡಳು. ಗಂಡ ಏನೇ ಹೇಳಿದರೂ ಒಗ್ಗರಣೆ ಸೌಟು ಕೈಯಲ್ಲಿ ಹಿಡಿದೇ ಕೇಳುತ್ತಿದ್ದಳು: “ರೀ, ಇದು ನಿಮಗೆ ಗೊತ್ತಾ, ಇಲ್ಲಾ ಹೇಳ್ತಿದ್ದೀರಾ?”

“ಗೊತ್ತು ಮಾರಾಯ್ತಿ” ಎನ್ನುತ್ತಿದ್ದ ಮಲ್ಲೇಶ್. ಅವಳು ಉತ್ತರವನ್ನು ಕೇಳುತ್ತಿರಲಿಲ್ಲ, ಅವನ ಬಲಗಿವಿಯನ್ನು ನೋಡುತ್ತಿದ್ದಳು. ಗೊತ್ತಿಲ್ಲದ್ದನ್ನು ಹೇಳುವಾಗ ಅವನ ಕೈ ತಾನಾಗಿ ಕಿವಿಯ ತುದಿಗೆ ಹೋಗಿ ಮೆಲ್ಲನೆ ಎಳೆಯುತ್ತಿತ್ತು. ಹದಿನಾರು ವರ್ಷದಲ್ಲಿ ಆ ಕಿವಿ ಎಡಗಿವಿಗಿಂತ ಒಂದು ನೂಲು ಉದ್ದವಾಗಿದೆ ಎಂದು ಅವಳು ಅಕ್ಕತಂಗಿಯರ ಹತ್ತಿರ ಹೇಳಿಕೊಂಡು ನಗುತ್ತಿದ್ದಳು.

ಮದುವೆಗೆ ಮೊದಲು ಮಲ್ಲೇಶ್ ಮಲವಗೊಪ್ಪದ ರಸ್ತೆ ಬದಿಯಲ್ಲಿ ಟೀವಿ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ಆಗ ನಡೆದ ಒಂದು ಸಂಗತಿಯನ್ನು ಆ ರಸ್ತೆಯಲ್ಲಿ ಈಗಲೂ ನೆನೆಯುವವರಿದ್ದಾರೆ. ಹೊನ್ನಾಳಿ ಕಡೆಯಿಂದ ಹೆಣ್ಣು ನೋಡಲು ಬಂದ ಒಂದು ವ್ಯಾನು ಅಂಗಡಿಯ ಮುಂದೆ ನಿಂತಿತು. “ಲಿಂಗಮ್ಮ ಅಂತ, ನರ್ಸ್ ಆಗಿದ್ದೋರು. ಅವರ ಮನೆ ಎಲ್ಲಿ ಬರತ್ತೆ?” ಎಂದು ವರನ ಸೋದರಮಾವ ಕೇಳಿದರು. ಆ ಹೆಸರನ್ನು ಮಲ್ಲೇಶ್ ಕೇಳಿದ್ದು ಅದೇ ಮೊದಲು. “ಸೀದಾ ಹೋಗಿ, ಪೆಟ್ರೋಲ್ ಬಂಕಿನಲ್ಲಿ ಪುಟ್ಟಯ್ಯ ಅಂತ ಇದಾನೆ. ಅಲ್ಲಿಂದ ಹತ್ತಿರ, ಅವನು ತೋರಿಸ್ತಾನೆ” ಎಂದ.

ಪುಟ್ಟಯ್ಯನೂ ಅದೇ ಪಂಥದವನು. “ಯಾರು ಹೇಳಿದ್ರು? ಟೀವಿ ಮಲ್ಲೇಶಾ? ಹಂಗಾದ್ರೆ ಅವನಿಗೆ ಗೊತ್ತಿರತ್ತೆ, ಅವನ ಅಂಗಡಿ ಆಸುಪಾಸೇ ಇರಬೇಕು” ಎಂದು ವ್ಯಾನನ್ನು ಹಿಂದಕ್ಕೆ ತಿರುಗಿಸಿದ. ವ್ಯಾನು ಬಂದಾಗ ಮಲ್ಲೇಶ್, “ಪುಟ್ಟಯ್ಯ ಹಂಗಂದ್ನಾ? ಅವನಿಗೆ ಗೊತ್ತು, ನೀವು ಸರಿಯಾಗಿ ಕೇಳಿಲ್ಲ” ಎಂದು ಮತ್ತೆ ಕಳಿಸಿದ. ಹೀಗೆ ವ್ಯಾನು ಮೂರು ಸುತ್ತು ಹಾಕಿತು. ಪ್ರತಿ ಸುತ್ತಿಗೂ ಲಿಂಗಮ್ಮನ ಮನೆ ಇನ್ನಷ್ಟು ದೂರವಾಗುತ್ತಿತ್ತು. ನಾಲ್ಕನೆಯ ಸಲ ಸೋದರಮಾವ ಇಳಿದು ಬಂದು ಬೈದದ್ದನ್ನು ಇಲ್ಲಿ ಬರೆಯಲಾಗುವುದಿಲ್ಲ. ಕೊನೆಗೆ ಹಾಲಿನವನೊಬ್ಬ ಹೇಳಿದ: ಲಿಂಗಮ್ಮ ಮನೆ ಖಾಲಿ ಮಾಡಿ ಹೋಗಿ ಎರಡು ವರ್ಷವಾಗಿದೆ.

“ನಂಗೇನು ಗೊತ್ತು? ಪುಟ್ಟಯ್ಯನಿಗೆ ಗೊತ್ತು ಅಂದ್ಕೊಂಡಿದ್ದೆ” ಎಂದ ಮಲ್ಲೇಶ್. ಪುಟ್ಟಯ್ಯನೂ ಅದನ್ನೇ ಹೇಳಿದ.

ಟೀವಿಯಿಂದ ಮಲ್ಲೇಶ್ ಕಂಪ್ಯೂಟರಿಗೆ ಬಂದ. ತೊಂಬತ್ಮೂರರಲ್ಲಿ ಶಿವಮೊಗ್ಗದ ಒಂದು ವಿದ್ಯಾಸಂಸ್ಥೆಯಲ್ಲಿ ‘ತಾತ್ಕಾಲಿಕ’ ಎಂದು ಸೇರಿ ಒಂಬತ್ತು ವರ್ಷ ತಾತ್ಕಾಲಿಕವಾಗಿಯೇ ಉಳಿದ. ಆ ಸಂಸ್ಥೆಗೆ ಶಿವಮೊಗ್ಗದ ವಿದ್ಯಾನಗರದಲ್ಲಿ ಕಾಲೇಜು ಮತ್ತು ಮುಖ್ಯ ಕಚೇರಿ, ಭದ್ರಾವತಿಯಲ್ಲಿ ಪಾಲಿಟೆಕ್ನಿಕ್, ಹೊಳಲೂರಿನಲ್ಲಿ ಒಂದು ಹೈಸ್ಕೂಲು. ಕಾರ್ಯದರ್ಶಿ ಷಡಕ್ಷರಪ್ಪನವರು. ಹಣೆತುಂಬ ವಿಭೂತಿ, ಬಾಯಲ್ಲಿ ಅಳೆದು ತೂಗಿದ ಮಾತು. ಎರಡು ಸಾವಿರದ ಎರಡರ ಬೇಸಿಗೆಯಲ್ಲಿ ಅವರು ಮಲ್ಲೇಶನನ್ನು ಕರೆಸಿದರು.

“ಮೂರೂ ಕಡೆ ಕಂಪ್ಯೂಟರ್ ಜೋಡಿಸೋ ಲೈನು ಬಂದಿದೆ. ರೂಟರ್ ಅಂತ ಮೂರು ಡಬ್ಬನೂ ಬಂದಿದಾವೆ. ಬೆಂಗಳೂರಿನಿಂದ ಜನ ಕರೆಸಬೇಕಾ, ಇಲ್ಲಾ ನಿಮಗೆ ಗೊತ್ತಾ?”

“ಗೊತ್ತು ಸಾರ್.” ಕೈ ಕಿವಿಗೆ ಹೋಯಿತು.

“ಹಂಗಾದ್ರೆ ಮಾಡಿ. ಜೂನ್ ಕಮಿಟಿ ಮೀಟಿಂಗಿಗೆ ನಿಮ್ಮ ಖಾಯಂ ಆದೇಶದ ಫೈಲ್ ಇಡ್ತೀನಿ. ಅಷ್ಟರಲ್ಲಿ ಇದು ನಡೀಬೇಕು.”

ಒಂಬತ್ತು ವರ್ಷದಿಂದ ಕಾದಿದ್ದ ಮಾತು ಅದು. ಖಾಯಂ ಆದರೆ ವರ್ಷ ವರ್ಷ ಮೇ ತಿಂಗಳಲ್ಲಿ ‘ಮುಂದುವರಿಸಲು ಕೋರಿ’ ಎಂದು ಅರ್ಜಿ ಬರೆಯುವುದು ತಪ್ಪುತ್ತದೆ. ಆ ಅರ್ಜಿಯ ಒಕ್ಕಣೆ ಸುಮನಾಗೂ ಬಾಯಿಪಾಠವಾಗಿತ್ತು.

ಮಲ್ಲೇಶ್ ಗಾಂಧಿ ಬಜಾರಿನಲ್ಲಿ ಒಂದು ದಪ್ಪ ಪುಸ್ತಕದ ಜೆರಾಕ್ಸ್ ಮಾಡಿಸಿಕೊಂಡು ಬಂದು ಕೂತ. ಓದಿದಂತೆಲ್ಲ ಅವನಿಗೆ ಆಶ್ಚರ್ಯ. ಒಂದು ಊರಿನ ಕಂಪ್ಯೂಟರಿನ ಮಾತನ್ನು ಇನ್ನೊಂದು ಊರಿನದಕ್ಕೆ ದಾರಿ ತೋರಿಸಿ ಕಳಿಸುವ ಈ ರೂಟರುಗಳು ಥೇಟ್ ನಮ್ಮವರೇ. ಅವುಗಳಿಗೆ ಕಲಿಸುವ ಒಂದು ಪದ್ಧತಿ ಇದೆ, ರಿಪ್ ಎಂದು ಅದರ ಹೆಸರು. ಅದನ್ನು ಹಾಕಿದರೆ ಪ್ರತಿಯೊಂದು ರೂಟರೂ ಅರ್ಧ ನಿಮಿಷಕ್ಕೊಮ್ಮೆ ಪಕ್ಕದ ರೂಟರಿಗೆ, ‘ನನಗೆ ಇಂತಿಂಥ ಊರು ಗೊತ್ತು, ಇಷ್ಟಿಷ್ಟು ದೂರ’ ಎಂದು ಹೇಳುತ್ತದೆ. ಪಕ್ಕದ್ದು ಕೇಳಿಸಿಕೊಂಡು, ಆ ದೂರಕ್ಕೆ ಒಂದು ಸೇರಿಸಿ, ತನಗೂ ಗೊತ್ತು ಎಂದು ಬರೆದಿಟ್ಟುಕೊಳ್ಳುತ್ತದೆ. ಪೂರ್ತಿ ದಾರಿಯನ್ನು ಯಾರೂ ನೋಡುವುದಿಲ್ಲ. ಪಕ್ಕದವನ ಮಾತಿನ ಮೇಲೆ ನಂಬಿಕೆ, ಅಷ್ಟೇ ಬಂಡವಾಳ. ದೂರ ಎಂದರೆ ಮೈಲಿಯಲ್ಲ, ನಡುವೆ ದಾಟುವ ಲೈನುಗಳ ಲೆಕ್ಕ; ಅದನ್ನು ಹದಿನೈದರವರೆಗೆ ಎಣಿಸಬಹುದು. ಹದಿನಾರು ಎಂದರೆ ಆ ಊರಿಗೆ ದಾರಿಯೇ ಇಲ್ಲ ಎಂದು ಅರ್ಥ.

ಅವನ ವಿನಯಕ್ಕೆ ಒಗ್ಗದ್ದು ಒಂದೇ. ರೂಟರಿನೊಳಗೆ ಮೊದಲೇ ಒಂದು ಕಟ್ಟಳೆ ಇತ್ತು: ಯಾರಿಂದ ಒಂದು ಊರಿನ ಸುದ್ದಿ ಕೇಳಿದೆಯೋ, ಅವರಿಗೇ ಆ ಸುದ್ದಿಯನ್ನು ತಿರುಗಿ ಹೇಳಬೇಡ. ಮಲ್ಲೇಶನಿಗೆ ಇದು ಒರಟಾಗಿ ಕಂಡಿತು. ಯಾರಾದರೂ ಬಂದು ‘ನಮ್ಮ ಹುಡುಗಿಗೆ ಗಂಡು ಗೊತ್ತಾಯ್ತು’ ಎಂದರೆ ‘ಹೌದಂತಲ್ಲ, ಕೇಳಿ ಸಂತೋಷ ಆಯ್ತು’ ಎನ್ನುತ್ತೇವೆಯೇ ಹೊರತು ಬಾಯಿ ಬಿಗಿದುಕೊಂಡು ಕೂರುತ್ತೇವೆಯೇ? ಜೊತೆಗೆ, ಹೆಚ್ಚು ಮಾತಾಡಿಕೊಂಡಷ್ಟೂ ಸಂಬಂಧ ಗಟ್ಟಿ ಎಂದೂ ಅವನಿಗೆ ತೋಚಿತು. ಆ ಕಟ್ಟಳೆ ಯಾಕಿದೆ ಎಂದು ಪುಸ್ತಕದ ಮುಂದಿನ ಪುಟದಲ್ಲಿ ಬರೆದಿತ್ತು. ಜೆರಾಕ್ಸಿನವನು ಆ ಪುಟವನ್ನು ಬಿಟ್ಟಿದ್ದ ಎಂದು ಮಲ್ಲೇಶ್ ಆಮೇಲೆ ಹೇಳುತ್ತಿದ್ದ. ಪುಟ ಇತ್ತು ಎಂದು ಸುಮನಾ ಹೇಳುತ್ತಾಳೆ, ಅದರ ಮೇಲೆ ಕಾಫಿ ಲೋಟದ ಗುರುತೂ ಇತ್ತಂತೆ.

ಅಂತೂ ಶಿವಮೊಗ್ಗ, ಭದ್ರಾವತಿಯ ಎರಡು ರೂಟರುಗಳಲ್ಲಿ ಅವನು ಆ ಕಟ್ಟಳೆಯನ್ನು ತೆಗೆದುಹಾಕಿದ. ಶಿವಮೊಗ್ಗದ್ದು ನಡುವೆ, ಒಂದು ಕಡೆ ಹೊಳಲೂರಿನದು, ಇನ್ನೊಂದು ಕಡೆ ಭದ್ರಾವತಿಯದು. ರಿಪ್ ಹಾಕಿದ ಅರ್ಧ ನಿಮಿಷಕ್ಕೆ ಶಿವಮೊಗ್ಗ ‘ಹೊಳಲೂರು ನನಗೆ ಒಂದು ದೂರ’ ಎಂದಿತು. ಭದ್ರಾವತಿ ‘ನನಗೆ ಎರಡು’ ಎಂದಿತು. ಭದ್ರಾವತಿಯಿಂದ ಹೊಳಲೂರಿನ ಹಾಜರಿ ಪಟ್ಟಿ ಕಾಣಿಸಿದಾಗ ಪಾಲಿಟೆಕ್ನಿಕ್ಕಿನವರು ಚಪ್ಪಾಳೆ ತಟ್ಟಿದರು. ಅಟೆಂಡರ್ ಜಟ್ಟಪ್ಪ ಭದ್ರಾವತಿಯ ರೂಟರಿಗೆ ಕುಂಕುಮ ಇಟ್ಟು ಎರಡು ದಾಸವಾಳ ಏರಿಸಿದ.

ಜಟ್ಟಪ್ಪನದು ನಿಧಾನದ ಜೀವ. ಪಾಲಿಟೆಕ್ನಿಕ್ಕಿನ ಕಂಪ್ಯೂಟರ್ ಕೋಣೆಯ ಬೀಗದ ಕೈ ಅವನ ಹತ್ತಿರ. ಬೆಳಿಗ್ಗೆ ಒಂಬತ್ತಕ್ಕೆ ಸ್ವಿಚ್ ಹಾಕುವುದು, ಸಂಜೆ ಐದಕ್ಕೆ ತೆಗೆಯುವುದು ಅವನ ಕೆಲಸ.

ಮೇ ತಿಂಗಳ ಕೊನೆಗೆ ಗಾಳಿ ಶುರುವಾಯಿತು. ಅದರ ಜೊತೆಗೆ ಭದ್ರಾವತಿಯ ಕಾಯಿಲೆಯೂ. ಇದ್ದಕ್ಕಿದ್ದಂತೆ ಅಲ್ಲಿನ ಕಂಪ್ಯೂಟರುಗಳು ಕಲ್ಲಾಗುತ್ತಿದ್ದವು, ಮೂರು ನಾಲ್ಕು ನಿಮಿಷ ಬಿಟ್ಟು ಮತ್ತೆ ಎಚ್ಚರಗೊಳ್ಳುತ್ತಿದ್ದವು. ಅರ್ಜಿ ತುಂಬಲು ಬಂದ ಹುಡುಗರ ಸಾಲು ಗೇಟಿನವರೆಗೆ ಬೆಳೆಯಿತು. ಷಡಕ್ಷರಪ್ಪನವರು ಮಲ್ಲೇಶನನ್ನು ಕರೆಸಿದರು.

“ಏನಿದು?”

ಮಲ್ಲೇಶನಿಗೆ ಏನೂ ತಿಳಿದಿರಲಿಲ್ಲ. ಕೈ ಕಿವಿಗೆ ಹೋಯಿತು. “ಗೊತ್ತಾಯ್ತು ಸಾರ್. ಅಲ್ಲಿ ಯಾರೋ ನಡುನಡುವೆ ಸ್ವಿಚ್ ಆಫ್ ಮಾಡ್ತಿದಾರೆ. ಕರೆಂಟು ಉಳಿಸೋಕೆ ಇರಬೇಕು.”

“ಸ್ವಿಚ್ ಯಾರ ಕೈಲಿದೆ?”

“ಜಟ್ಟಪ್ಪನ ಕೈಲಿ.”

ಬಾಯಿಗೆ ಬಂದದ್ದು ಅಷ್ಟೇ. ಬೆಲ್ಲ ನೀರು ಕೊಟ್ಟ ಹಾಗೆ ಕೊಟ್ಟಿದ್ದ. ಆದರೆ ಮೂರನೆಯ ದಿನ ಪಾಲಿಟೆಕ್ನಿಕ್ಕಿಗೆ ಒಂದು ಮೆಮೊ ಹೋಯಿತು: ಕೆಲಸದ ವೇಳೆಯಲ್ಲಿ ಸ್ವಿಚ್ ತೆಗೆಯುತ್ತಿರುವುದಕ್ಕೆ ಜಟ್ಟಪ್ಪ ಏಳು ದಿನದೊಳಗೆ ಸಮಜಾಯಿಷಿ ಕೊಡತಕ್ಕದ್ದು, ತಪ್ಪಿದರೆ ಶಿಸ್ತು ಕ್ರಮ. ಇದು ಮಲ್ಲೇಶನಿಗೆ ತಿಳಿದದ್ದು ಲ್ಯಾಬ್ ಸಹಾಯಕಿ ಪೂಜಿತಾಳಿಂದ.

“ಸಾರ್, ಜಟ್ಟಪ್ಪಣ್ಣ ಮಾಡಿರಲಿಕ್ಕಿಲ್ಲ ಅನ್ನಿಸತ್ತೆ” ಎಂದಳು ಪೂಜಿತಾ. “ಅವರು ಫ್ಯಾನ್ ಸ್ವಿಚ್ ಹಾಕೋಕೂ ಪ್ರಿನ್ಸಿಪಾಲರನ್ನ ಕೇಳ್ತಾರೆ.”

ಮನೆಯಲ್ಲಿ ಸುಮನಾ ಕೇಳಿದಳು: “ಜಟ್ಟಪ್ಪನೇ ಅಂತ ನಿಮಗೆ ಗೊತ್ತಾ, ಇಲ್ಲಾ ಹೇಳಿದ್ರಾ?”

“ಗೊತ್ತು.”

“ಕಿವಿ ಬಿಡಿ ಹಂಗಾದ್ರೆ.”

ಮಲ್ಲೇಶ್ ಕಿವಿ ಬಿಟ್ಟ. ಊಟ ಸೇರಲಿಲ್ಲ. ಮೀಟಿಂಗಿಗೆ ಐದು ದಿನ ಇತ್ತು. ಜಟ್ಟಪ್ಪ ತಪ್ಪೊಪ್ಪಿಕೊಂಡರೆ ರೂಟರ್ ಕೆಲಸ ಸರಿಯಾಗಿದೆ ಎಂದಾಗುತ್ತದೆ, ಫೈಲು ಮುಂದೆ ಹೋಗುತ್ತದೆ. ಇದು ಮಲ್ಲೇಶನಿಗೆ ಚೆನ್ನಾಗಿ ಅರ್ಥವಾಗಿತ್ತು. 

ಮಾರನೆಯ ಬೆಳಿಗ್ಗೆ ಭದ್ರಾವತಿ ಬಸ್ಸು ಹತ್ತಿದ. ಕಂಪ್ಯೂಟರ್ ಕೋಣೆಯಲ್ಲಿ ಜಟ್ಟಪ್ಪ ಎದ್ದು ನಿಂತು ಕುರ್ಚಿ ಒರೆಸಿ ಕೊಟ್ಟ. ಸಿಟ್ಟಿನ ಸುಳಿವೂ ಇರಲಿಲ್ಲ. ಹಾಳೆ ಮಾಸಿದ ಒಂದು ನೋಟುಬುಕ್ಕನ್ನು ಮುಂದಿಟ್ಟ.

“ಸಾರ್, ನಾನು ಸ್ವಿಚ್ ಹಾಕಿದ ಟೈಮು, ತೆಗೆದ ಟೈಮು ಎಲ್ಲಾ ಇದರಲ್ಲಿ ಬರ್ದಿದೀನಿ. ಮೊದಲ್ನೇ ದಿನದಿಂದ. ನೀವೇ ಹೇಳ್ಕೊಟ್ಟಿದ್ದು, ಬರ್ದಿಡಬೇಕು ಅಂತ. ಇದನ್ನ ನೋಡಿ ಸಮಜಾಯಿಷಿ ಹೆಂಗೆ ಬರೀಬೇಕು ಅಂತ ನೀವೇ ಹೇಳ್ಬೇಕು. ನಿಮಗೆ ಎಲ್ಲಾ ಗೊತ್ತಿರತ್ತೆ.”

ಮಲ್ಲೇಶ್ ಪುಟ ತಿರುವಿದ. ಒಂಬತ್ತು, ಐದು. ಒಂಬತ್ತು, ಐದು. ಒಂದು ದಿನ ಮಾತ್ರ ‘ಒಂಬತ್ತು ಹತ್ತು, ಬಸ್ಸು ಲೇಟು, ಕ್ಷಮಿಸಿ’ ಎಂದಿತ್ತು.

ಅಷ್ಟರಲ್ಲಿ ಹೊರಗೆ ಗಾಳಿ ಎದ್ದಿತು. ಎದುರಿಗಿದ್ದ ಕಂಪ್ಯೂಟರು ಕಲ್ಲಾಯಿತು. ಸ್ವಿಚ್ಚಿನ ದೀಪ ಇಬ್ಬರ ಕಣ್ಣೆದುರೇ ಉರಿಯುತ್ತಿತ್ತು. ಮಲ್ಲೇಶ್ ರೂಟರಿಗೆ ತನ್ನ ವೈರು ಸಿಕ್ಕಿಸಿ, ಅದು ಬರೆದಿಟ್ಟುಕೊಂಡ ಊರುಗಳ ಪಟ್ಟಿ ತೆರೆದ. ಇನ್ನೊಂದು ಕೈಯಲ್ಲಿ ಫೋನ್ ತೆಗೆದು ಶಿವಮೊಗ್ಗದಲ್ಲಿದ್ದ ಪೂಜಿತಾಳನ್ನು ಹಿಡಿದ. “ಅಲ್ಲಿ ಹೊಳಲೂರು ಎಷ್ಟು ದೂರ ಅಂತ ತೋರಿಸ್ತಿದೆ, ಓದಮ್ಮ.”

“ಒಂದು ಇರಬೇಕಲ್ವಾ ಸಾರ್? ಇಲ್ಲಿ ಐದು ಅಂತಿದೆ.”

ಮಲ್ಲೇಶ್ ತನ್ನ ಪರದೆ ನೋಡಿದ. “ಇಲ್ಲಿ ಆರು.”

“ಸಾರ್, ಈಗ ಏಳಾಯ್ತು.”

“ಇಲ್ಲಿ ಎಂಟು.”

“ಒಂಬತ್ತು ಸಾರ್. ಹೊಳಲೂರು ಎಲ್ಲಿಗೆ ಹೋಗ್ತಾ ಇದೆ?”

ಜಟ್ಟಪ್ಪ ಕೈಕಟ್ಟಿಕೊಂಡು ಇಬ್ಬರ ಮಾತನ್ನೂ ಕೇಳುತ್ತಿದ್ದ. ಮೆಲ್ಲಗೆ ಹೇಳಿದ: “ಸಾರ್, ತಪ್ಪು ತಿಳ್ಕೋಬೇಡಿ. ಹೊಳಲೂರಿನ ಲೈನ್ ಕಂಬ ಗಾಳಿಗೆ ಅಲ್ಲಾಡ್ತಿದೆ ಅಂತ ಅಲ್ಲಿನ ಮೇಷ್ಟ್ರು ಮೊನ್ನೆ ಫೋನಲ್ಲಿ ಅಂತಿದ್ರು. ಈ ಎರಡು ಡಬ್ಬ ಒಂದನ್ನೊಂದು ಕೇಳ್ಕೊಂಡು ಹೇಳ್ತಿರೋ ಹಂಗಿದೆ. ಹೊಳಲೂರನ್ನ ಈಗ ಇಬ್ರೂ ನೋಡ್ತಾ ಇಲ್ಲ.”

ಮಲ್ಲೇಶನ ಕಿವಿಯಲ್ಲಿ ವ್ಯಾನಿನ ಹಾರನ್ ಕೇಳಿಸಿತು. ಲಿಂಗಮ್ಮ ಮನೆ ಖಾಲಿ ಮಾಡಿ ಹೋಗಿದ್ದಾಳೆ. ಶಿವಮೊಗ್ಗಕ್ಕೆ ಹೊಳಲೂರಿನ ಲೈನು ಸತ್ತದ್ದು ತಿಳಿದಿದೆ. ಆದರೆ ಅದು ಬಾಯಿ ತೆರೆಯುವ ಮೊದಲೇ ಭದ್ರಾವತಿ, ಶಿವಮೊಗ್ಗದಿಂದಲೇ ಕೇಳಿದ್ದ ಹಳೇ ಸುದ್ದಿಯನ್ನು ‘ಹೊಳಲೂರು ನನಗೆ ಗೊತ್ತು, ಎರಡೇ ದೂರ’ ಎಂದು ಶಿವಮೊಗ್ಗಕ್ಕೇ ತಿರುಗಿ ಹೇಳಿದೆ. ಶಿವಮೊಗ್ಗ ನಂಬಿ ಮೂರು ಎಂದಿದೆ. ಅದನ್ನು ನಂಬಿ ಭದ್ರಾವತಿ ನಾಲ್ಕು ಎಂದಿದೆ. ಹೊಳಲೂರಿಗೆ ಹೊರಟ ಹಾಜರಿ, ಪತ್ರ, ಪಟ್ಟಿ ಎಲ್ಲವೂ ಎರಡು ಊರಿನ ನಡುವೆ ಆ ವ್ಯಾನಿನ ಹಾಗೆ ಸುತ್ತುತ್ತಿವೆ, ಭದ್ರಾವತಿಯ ಕೆಲಸಕ್ಕೆ ದಾರಿ ಬಿಡದೆ. ತಿರುಗಿ ಹೇಳಬೇಡ ಎಂಬ ಕಟ್ಟಳೆಯನ್ನು ತೆಗೆದವನು ಅವನೇ.

“ಸಾರ್, ಹದಿನೈದು” ಎಂದಳು ಪೂಜಿತಾ.

ಇಲ್ಲಿ ಹದಿನಾರು ಬಿತ್ತು. ಭದ್ರಾವತಿಯ ರೂಟರು ಕಡೆಗೂ ‘ಹೊಳಲೂರಿಗೆ ದಾರಿ ಇಲ್ಲ’ ಎಂದು ಒಪ್ಪಿಕೊಂಡಿತು. ಒಪ್ಪಿಕೊಂಡ ಗಳಿಗೆಯಲ್ಲೇ ಕೋಣೆಯ ಕಂಪ್ಯೂಟರುಗಳಿಗೆಲ್ಲ ಜೀವ ಬಂತು.

ಮಲ್ಲೇಶ್ ಫೋನ್ ಇಟ್ಟ. ಆಮೇಲೆ ಎರಡು ರೂಟರುಗಳಲ್ಲೂ ಕಟ್ಟಳೆಯನ್ನು ಮೊದಲಿನಂತೆ ಹಾಕಿದ. ಅದಕ್ಕೆ ಎರಡು ನಿಮಿಷ ಸಾಕಾಯಿತು. ಉಳಿದ ಕೆಲಸ ದೊಡ್ಡದಿತ್ತು.

“ಸಮಜಾಯಿಷಿ ನೀವು ಬರೀಬೇಡಿ ಜಟ್ಟಪ್ಪ” ಎಂದ. “ನಾನು ಬರೀತೀನಿ.”

“ನಿಮ್ಮ ಅಕ್ಷರ ಚೆನ್ನಾಗಿದೆ ಸಾರ್. ಆದರೆ ಹೆಸರು ನಂದೇ ಹಾಕಬೇಕಲ್ವಾ?”

“ಇಲ್ಲ. ನಂದೇ.”

ಷಡಕ್ಷರಪ್ಪನವರ ಕೋಣೆಯ ಹೊರಗಿನ ಬೆಂಚಿನ ಮೇಲೆ ಮಲ್ಲೇಶ್ ಎರಡು ಬಾರಿ ಕೂತು ಎದ್ದ. ಈಗ ಸುಮ್ಮನಿದ್ದರೂ ನಡೆಯುತ್ತದೆ. ಕಾಯಿಲೆ ವಾಸಿಯಾಗಿದೆ, ಮೆಮೊ ತಲುಪಿದ ಮೇಲೆ ಜಟ್ಟಪ್ಪ ತಿದ್ದಿಕೊಂಡ ಎಂದು ಎಲ್ಲರೂ ತಿಳಿಯುತ್ತಾರೆ. ಫೈಲು ಶನಿವಾರದ ಮೀಟಿಂಗಿಗೆ ಹೋಗುತ್ತದೆ. ಮೂರನೆಯ ಬಾರಿ ಏಳುವಷ್ಟರಲ್ಲಿ ಒಳಗಿನಿಂದ ಕರೆ ಬಂತು.

“ಭದ್ರಾವತಿ ಸರಿಹೋಯ್ತಂತೆ. ಸ್ವಿಚ್ ವಿಷಯ ಇತ್ಯರ್ಥ ಆಯ್ತಾ?”

ಬಲಗೈ ಮೇಲಕ್ಕೆ ಎದ್ದಿತು. ಮಲ್ಲೇಶ್ ಎಡಗೈಯಿಂದ ಅದನ್ನು ಹಿಡಿದುಕೊಂಡ.

“ಸ್ವಿಚ್ ಯಾರೂ ತೆಗೆದಿಲ್ಲ ಸಾರ್. ನೀವು ಕೇಳಿದಾಗ ನನಗೆ ಗೊತ್ತಿರಲಿಲ್ಲ. ಗೊತ್ತು ಅಂತ ಹೇಳ್ದೆ. ತಪ್ಪು ರೂಟರ್‌ನಲ್ಲಿತ್ತು, ರೂಟರ್‌ಗೆ ಹಂಗೆ ಕಲಿಸಿದ್ದು ನಾನು.”

ಷಡಕ್ಷರಪ್ಪನವರು ಕನ್ನಡಕ ತೆಗೆದರು. “ಇನ್ನೊಂದ್ಸಲ ಹೇಳಿ.”

“ಗೊತ್ತಿರಲಿಲ್ಲ ಸಾರ್.”

“ಒಂಬತ್ತು ವರ್ಷದಲ್ಲಿ ನಿಮ್ಮ ಬಾಯಲ್ಲಿ ಇದು ಮೊದಲ ಸಲ ಕೇಳ್ತಿರೋದು. ಹುಷಾರಾಗಿದೀರಾ?” ಅವರು ನಗಲಿಲ್ಲ. ನಗುವ ಅಭ್ಯಾಸ ಅವರಿಗೆ ಅಷ್ಟಾಗಿ ಇರಲಿಲ್ಲ. “ಜಟ್ಟಪ್ಪನ ಮೆಮೊ ವಾಪಸ್ ತಗೋತೀನಿ. ಯಾಕೆ ಅಂತ ನೀವು ಒಂದು ಕಾಗದ ಬರ್ದು ಕೊಡಿ. ನಿಮ್ಮ ಫೈಲು ಈ ಮೀಟಿಂಗಿಗೆ ಇಡೋಲ್ಲ.”

“ಸರಿ ಸಾರ್.”

“ಮುಂದಿನದಕ್ಕೆ ಇಡ್ತೀನಿ, ಸೆಪ್ಟೆಂಬರಿಗೆ. ಅಷ್ಟರಲ್ಲಿ ಹೊಳಲೂರಿನ ಲೈನು ಹತ್ತು ಸಲ ಹೋಗತ್ತೆ. ಹೋದಾಗ ಭದ್ರಾವತಿಗೆ ಏನಾಗತ್ತೆ ಅಂತ ನೋಡೋಣ.”

ಮಳೆಗಾಲದಲ್ಲಿ ಹೊಳಲೂರಿನ ಲೈನು ಹತ್ತು ಸಲವಲ್ಲ, ಇಪ್ಪತ್ತಮೂರು ಸಲ ಹೋಯಿತು. ಇದು ಗೊತ್ತಿರುವುದು ಜಟ್ಟಪ್ಪನ ನೋಟುಬುಕ್ಕಿನಿಂದ. ಪ್ರತಿ ಸಲವೂ ಅವನು ಫೋನ್ ಮಾಡಿ, “ಸಾರ್, ಹೊಳಲೂರು ಹೋಯ್ತು, ನಾವು ಆರಾಮಾಗಿದೀವಿ” ಎಂದು ವರದಿ ಒಪ್ಪಿಸುತ್ತಿದ್ದ. ಅವನು ಬಸ್ಸಿನಲ್ಲಿ ಬಂದು ಆ ನೋಟುಬುಕ್ಕನ್ನು ತಾನೇ ಷಡಕ್ಷರಪ್ಪನವರ ಮೇಜಿನ ಮೇಲಿಟ್ಟು ಹೋದ ಎಂಬುದು ಮಲ್ಲೇಶನಿಗೆ ತಿಳಿದದ್ದು ಖಾಯಂ ಆದೇಶ ಕೈಗೆ ಬಂದ ಮೇಲೆ. ಫೈಲಿನಲ್ಲಿ ಅದು ಮೊದಲ ಪುಟವಾಗಿತ್ತಂತೆ.

ಸೆಪ್ಟೆಂಬರಿನ ಆ ಸಂಜೆ ಮಲ್ಲೇಶ್ ಆದೇಶವನ್ನು ಅಂಗಿಯ ಜೇಬಿನಲ್ಲಿ ಮಡಿಸದೆ ಉದ್ದಕ್ಕೆ ಇಟ್ಟುಕೊಂಡು ಮನೆಗೆ ಬಂದ. ಸುಮನಾ ಸೌಟು ಇಟ್ಟು, ಕೈ ಒರೆಸಿಕೊಂಡು, ಎರಡು ಸಲ ಓದಿದಳು. ದೇವರ ಮುಂದೆ ಇಟ್ಟು ತೆಗೆದಳು. ಆಮೇಲೆ ಕೇಳಿದಳು:

“ರೀ, ಹಳೇ ಒಂಬತ್ತು ವರ್ಷದ ಸರ್ವೀಸೂ ಲೆಕ್ಕಕ್ಕೆ ಬರತ್ತಾ?”

ಅವಳ ಕಣ್ಣು ಅಭ್ಯಾಸದಂತೆ ಅವನ ಬಲಗಿವಿಯ ಮೇಲಿತ್ತು.  ಮಲ್ಲೇಶನ ಎರಡೂ ಕೈ ಮಂಡಿಯ ಮೇಲೇ ಇದ್ದವು.

“ಗೊತ್ತಿಲ್ಲ” ಎಂದ. “ನಾಳೆ ಕೇಳ್ಕೊಂಡು ಬರ್ತೀನಿ.”

 ಸುಮನಾ ಹತ್ತಿರ ಬಂದು ಅವನ ಹಣೆಯ ಮೇಲೆ ಅಂಗೈ ಇಟ್ಟು, ಜ್ವರ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಒಗ್ಗರಣೆಗೆ ಹೋದಳು.